ಜೋಳಿಗೆಗೆ ಹಾಕಲಾಗದ ಹಸಿವು

ಜೋಳಿಗೆಗೆ ಬೀಳುವುದು ರೊಟ್ಟಿ, ಜೋಳ, ಒಂದಿಷ್ಟು ಚಿಲ್ಲರೆ. ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಅದೇ ಜೋಳಿಗೆ ಹಿಡಿದು ಬೇರೆಯದನ್ನೇ ಬೇಡಿದರು: ಜನರ ಕುಡಿತ, ಬೀಡಿ, ತಂಬಾಕು. ಅವರ ಹುಟ್ಟುದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ನಂಬಿದ ವ್ಯಕ್ತಿಯ ಮಾತು, ನಾಲ್ಕು ಜನರೆದುರು ಕೊಟ್ಟ ವಚನ, ಕೈಯಾರೆ ಬಿಸುಟ ಬೀಡಿ ಕಟ್ಟು ಇವು ಮೂರೂ ಸೇರಿದಾಗ ಮನಸ್ಸು ಹೊಸ ದಾರಿ ಹಿಡಿಯಬಲ್ಲದು. ಸಮ್ಮೋಹನ ಚಿಕಿತ್ಸೆಗೂ ಮಾತಿನ ಈ ಬಲವೇ ಬಂಡವಾಳ.

ಆದರೆ ಊಟದ ಕಾಯಿಲೆಗಳು ವ್ಯಸನದಂತಲ್ಲ. ಬೀಡಿ ಬಿಟ್ಟರೆ ಬಿಟ್ಟ ಹಾಗೆ. ರೊಟ್ಟಿಯನ್ನು ಬಿಡಲಾಗದು, ದಿನಕ್ಕೆ ಮೂರು ಸಲ ಅದು ಎದುರಿಗೆ ಬಂದು ಕೂಡುತ್ತದೆ.

ದಪ್ಪಗಾಗುವ ಭಯಕ್ಕೆ ಊಟವನ್ನೇ ತೊರೆದು ಸೊರಗುವುದು ಅನೊರೆಕ್ಸಿಯಾ. ತಡೆಯಲಾರದೆ ಮುಕ್ಕಿ, ಆಮೇಲೆ ಬೆರಳು ಹಾಕಿ ಕಕ್ಕುವುದು ಬುಲಿಮಿಯಾ. ಇದಕ್ಕೆ ಹೆಸರಿಟ್ಟದ್ದು ಲಂಡನ್ನಿನ ಜೆರಾಲ್ಡ್ ರಸೆಲ್, 1979ರಲ್ಲಿ. ಮುಕ್ಕಿ ಕಕ್ಕದೆ ಕೊರಗುವವರೂ ಇದ್ದಾರೆ. ಇದೆಲ್ಲ ಪರದೇಶದ ರೋಗ ಎನ್ನುವವರಿಗೆ ಒಂದು ಮಾತು: ದೆಹಲಿಯ ಏಮ್ಸ್ ವೈದ್ಯರು 1995ರಲ್ಲೇ ಐದು ಯುವತಿಯರ ಪ್ರಕರಣಗಳನ್ನು ಪ್ರಕಟಿಸಿದ್ದರು. ನಮ್ಮ ಕಡೆ ಅದಕ್ಕೆ ಮರೆಯೂ ಸುಲಭವಾಗಿ ಸಿಗುತ್ತದೆ. ಸೋಮವಾರದ ಒಪ್ಪತ್ತು ಶನಿವಾರಕ್ಕೂ, ಆಮೇಲೆ ಇಡೀ ಶ್ರಾವಣಕ್ಕೂ ಬೆಳೆದರೆ ಯಾರು ಅನುಮಾನಿಸುತ್ತಾರೆ? “ಏನ್ ಮಾಡಿ ಹಾಕಿದ್ರೂ ಒಲ್ಲೆ ಅಂತಾಳ್ರೀ” ಎಂದು ಅವ್ವ ಕಂಗಾಲಾಗುವ ಹೊತ್ತಿಗೆ ಹುಡುಗಿಯ ಮುಟ್ಟು ನಿಂತಿರುತ್ತದೆ. ಮನೆಯವರು ಹಿಡಿಯುವ ಮೊದಲ ದಾರಿ ದೃಷ್ಟಿ ತೆಗೆಸುವುದು, ಎರಡನೆಯದು ತಾಯತ.

ಸಮ್ಮೋಹನವನ್ನೂ ಜನ ಇದೇ ಸಾಲಿಗೆ ಸೇರಿಸುತ್ತಾರೆ. ತಪ್ಪು ಅವರದಲ್ಲ; ವೇದಿಕೆಯ ಜಾದೂಗಾರರು ಅದರ ಹೆಸರು ಕೆಡಿಸಿದ್ದಾರೆ. ಮ್ಯಾಂಚೆಸ್ಟರಿನ ವೈದ್ಯ ಜೇಮ್ಸ್ ಬ್ರೇಡ್ 1841ರಲ್ಲಿ ಅಂಥದೇ ಒಂದು ಪ್ರದರ್ಶನ ನೋಡಿ, ಮೋಸ ಹಿಡಿಯಲು ಹೊರಟವನು. ಹೊಳೆಯುವ ವಸ್ತುವೊಂದನ್ನು ಕಣ್ಣಿನ ತುಸು ಮೇಲೆ ಹಿಡಿದು ಎವೆಯಿಕ್ಕದೆ ನೋಡಿಸಿದರೆ ಸಾಕು, ಯಾವ ಮಾಂತ್ರಿಕ ಶಕ್ತಿಯೂ ಬೇಡ ಎಂದು ಆತ ಕಂಡುಕೊಂಡ. ಗ್ರೀಕರ ನಿದ್ರಾದೇವತೆಯ ಹೆಸರನ್ನು ಅದಕ್ಕಿಟ್ಟ. ಇದು ನಿದ್ದೆಯಲ್ಲ, ಒಂದೇ ವಿಚಾರದಲ್ಲಿ ನೆಟ್ಟ ಮನಸ್ಸು ಎಂದು ಅರಿವಾದಾಗ ಹೆಸರು ಬದಲಿಸಲು ಹೊರಟ. ತಡವಾಗಿತ್ತು. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸುವವರಿರುವ ಹುನಗುಂದ ಸೀಮೆಗೆ ಬ್ರೇಡ್ ಹೇಳಿದ್ದು ತೀರ ಹೊಸದೆನಿಸಲಾರದು. ಗುರಿ ಬೇರೆ, ಹೋಲಿಕೆ ದೃಷ್ಟಿ ನೆಡುವಷ್ಟರ ಮಟ್ಟಿಗೆ ಮಾತ್ರ.

ಮಿದುಳಿನೊಳಗೆ ನಡೆಯುವುದೇನು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ಸ್ಪೀಗೆಲ್ ತಂಡ 2016ರಲ್ಲಿ ಸ್ಕ್ಯಾನರಿನಡಿ ನೋಡಿತು. ಸುತ್ತಲಿನದನ್ನು ತೂಗಿ ನೋಡುತ್ತ ಕಳವಳಪಡುವ ಭಾಗ ತಣ್ಣಗಾಗಿತ್ತು. ಯೋಚಿಸಿ ಕೆಲಸ ಮಾಡಿಸುವ ಭಾಗಕ್ಕೂ ‘ಇನ್ಸುಲಾ’ ಎಂಬ ಭಾಗಕ್ಕೂ ನಂಟು ಗಟ್ಟಿಯಾಗಿತ್ತು. ಎದೆಬಡಿತ, ಹಸಿವು, ಹೊಟ್ಟೆ ತುಂಬಿದ ಸುದ್ದಿ ತಲುಪುವುದು ಈ ಇನ್ಸುಲಾಗೆ. ಊಟದ ಕಾಯಿಲೆಯಲ್ಲಿ ಹದಗೆಡುವುದೂ ಈ ಸುದ್ದಿಯೇ. ಎರಡನ್ನೂ ಗಂಟು ಹಾಕುವ ಆಸೆ ಹುಟ್ಟುತ್ತದೆ, ಆದರೆ ಅಷ್ಟು ಪುರಾವೆ ಇನ್ನೂ ಇಲ್ಲ.

ಇರುವ ಪುರಾವೆ ಬುಲಿಮಿಯಾದ ಕಡೆ ವಾಲುತ್ತದೆ. ಅಮೆರಿಕದ ಹೆಲೆನ್ ಪೆಟ್ಟಿನಾಟಿ ತಂಡ 1985ರಲ್ಲಿ ಅಳೆದಾಗ, ಬುಲಿಮಿಯಾ ಇದ್ದವರು ಅನೊರೆಕ್ಸಿಯಾದವರಿಗಿಂತ ಸುಲಭವಾಗಿ ಸಮ್ಮೋಹನಕ್ಕೆ ಒಳಗಾದರು. ನನಗಿದು ಸಹಜವೆನಿಸುತ್ತದೆ. ಮುಕ್ಕುವ ಹೊತ್ತಿನಲ್ಲಿ ಅವರಿಗೆ ಮೈಮೇಲೆ ಖಬರಿರುವುದಿಲ್ಲ. ಅನೊರೆಕ್ಸಿಯಾದವರು ಲಗಾಮನ್ನು ಯಾರ ಕೈಗೂ ಕೊಡಲೊಲ್ಲರು. ಆಸ್ಟ್ರೇಲಿಯಾದ ಗ್ರಿಫಿತ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಸಮ್ಮೋಹನ ಬೆರೆಸಿದ ವರ್ತನಾ ಚಿಕಿತ್ಸೆಯನ್ನು, ಯೋಚನೆ ತಿದ್ದುವ ಸಿಬಿಟಿ ಚಿಕಿತ್ಸೆಯ ಜೊತೆ ಹೋಲಿಸಿದರು. ಬರಿದೇ ಕಾಯುತ್ತ ಕುಳಿತವರಿಗಿಂತ ಎರಡೂ ಗುಂಪಿನವರು ಸುಧಾರಿಸಿದರು, ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ. ಸಣ್ಣ ಅಧ್ಯಯನ. ಅನೊರೆಕ್ಸಿಯಾಕ್ಕೆ ಅಷ್ಟೂ ಆಧಾರವಿಲ್ಲ. ಅಲ್ಲಿ ಮೊದಲು ತೂಕ ಏರಬೇಕು, ಮನೆಯವರು ಜೊತೆ ಕೂಡಬೇಕು.

ಚಿಕಿತ್ಸೆಯ ಕೋಣೆಯಲ್ಲಿ ಗಡಿಯಾರದ ಸರಪಳಿ ತೂಗಾಡುವುದಿಲ್ಲ. ಉಸಿರು ನಿಧಾನ ಮಾಡಿಸಿ, ಕಣ್ಣು ಮುಚ್ಚಿಸಿ, ಒಂದು ಚಿತ್ರ ಕಟ್ಟಿಸುತ್ತಾರೆ. ಬಾದಾಮಿಯ ಹುಡುಗಿಯಾದರೆ ಬನಶಂಕರಿ ಗುಡಿಯ ಅಂಗಳ ಇರಬಹುದು: ಬುಟ್ಟಿ ಹೊತ್ತು ಬಂದ ಅಜ್ಜಿ, ಖಡಕ್ ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ, ಮೊಸರು. ಮೊದಲ ತುತ್ತು, ಅದರ ರುಚಿ, ಹೊಟ್ಟೆ ಸಾಕೆನ್ನುವ ಗಳಿಗೆ, ಅಲ್ಲಿಗೆ ನಿಂತು ಕೈ ತೊಳೆಯುವುದು. ಮುಕ್ಕುವ ಸೆಳೆತ ಅಲೆಯಂತೆ ಏರಿ ಇಳಿಯುವುದನ್ನೂ ಹೀಗೆಯೇ ಅಭ್ಯಾಸ ಮಾಡಿಸುತ್ತಾರೆ. ಅವಳಿಗೆ ಎಚ್ಚರವಿರುತ್ತದೆ, ಬೇಡವೆನಿಸಿದರೆ ಎದ್ದು ಬರಬಹುದು. ಆದರೆ ಹಳೆಯ ನೆನಪು ಕೆದಕುತ್ತೇನೆ ಎನ್ನುವವರಿಂದ ದೂರವಿರಬೇಕು. ಆ ಸ್ಥಿತಿಯಲ್ಲಿ ಇಲ್ಲದ ನೆನಪೂ ಹುಟ್ಟಿಬಿಡುತ್ತದೆ.

ಯಾರು ಮಾಡಬೇಕು? ಸಮ್ಮೋಹನವನ್ನು ಚಿಕಿತ್ಸಾ ವಿಧಾನವೆಂದು ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ ಒಪ್ಪಿತು, ನೋಂದಾಯಿತ ವೈದ್ಯರು ಇಲ್ಲವೇ ತಕ್ಕ ತರಬೇತಿ ಪಡೆದವರು ಮಾಡಬೇಕೆಂಬ ಷರತ್ತಿನೊಡನೆ. ಬಾಗಲಕೋಟೆಯವರಿಗೆ ಹತ್ತಿರದ್ದು ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ, ಮುಂದಕ್ಕೆ ಧಾರವಾಡದ ಡಿಮ್ಹಾನ್ಸ್. ಫೋನಿನಲ್ಲಾದರೆ ಟೆಲಿ ಮಾನಸ್, 14416.

ಮೊದಲ ದಿನವೇ ವೈದ್ಯರು ಕಣ್ಣು ಮುಚ್ಚಿಸದೆ ತೂಕ ನೋಡಿ, ನಾಡಿ ಹಿಡಿದು, ರಕ್ತ ಪರೀಕ್ಷೆಗೆ ಕಳಿಸಿದರೆ ಬೇಸರ ಬೇಡ. ಪದೇ ಪದೇ ಕಕ್ಕುವವರ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದಿರಬಹುದು. ಹೃದಯ ತಾಳ ತಪ್ಪುವುದು ಅದರಿಂದ, ಮಾತಿನಿಂದ ಅದು ಏರುವುದಿಲ್ಲ.