ಡ್ರೂಪಲ್ ತಂತ್ರಾಂಶವೂ ಅದರ ಪಾಲನೆಯೂ

ಚಾವಡಿಯ ಮಾತು ಎರಡು ಬಗೆ: ಬಲ್ಲವನೊಬ್ಬನು ತನ್ನ ಅನುಭವವನ್ನು ಸಾದ್ಯಂತವಾಗಿ ಹೇಳುವುದು, ಒಬ್ಬನ ಪ್ರಶ್ನೆಗೆ ಹಲವರು ಉತ್ತರವಿತ್ತು ಚರ್ಚಿಸುವುದು. ಇವೆರಡನ್ನೂ ಅಂತರಜಾಲದಲ್ಲಿ ಒಂದೆಡೆ ನಡೆಯಿಸಿ, ದಾಖಲೆಯಾಗಿ ಉಳಿಸುವ ತಂತ್ರಾಂಶಗಳಲ್ಲಿ ಡ್ರೂಪಲ್ ಒಂದು.

ಬೆಲ್ಜಿಯಂ ದೇಶದ ಆಂಟ್‌ವರ್ಪ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಡ್ರೀಸ್ ಬೈಟಾರ್ಟ್ ಎಂಬವರು ೨೦೦೦ನೆಯ ಇಸವಿಯಲ್ಲಿ ವಿದ್ಯಾರ್ಥಿನಿಲಯದ ಗೆಳೆಯರ ಸುದ್ದಿ ವಿನಿಮಯಕ್ಕಾಗಿ ಇದನ್ನು ಆರಂಭಿಸಿದರು. ಅದರ ತಾಣಕ್ಕೆ ಡಚ್ ಭಾಷೆಯಲ್ಲಿ ಗ್ರಾಮವೆಂದು ಅರ್ಥಕೊಡುವ ‘ದೋರ್ಪ್’ ಎಂಬ ಹೆಸರಿಡಹೋಗಿ, ಅಕ್ಷರ ಪಲ್ಲಟದಿಂದ ‘ಡ್ರಾಪ್’ ಎಂದಾಯಿತು. ೨೦೦೧ನೆಯ ಜನವರಿಯಲ್ಲಿ ತಂತ್ರಾಂಶವನ್ನು ಸರ್ವರ ಉಪಯೋಗಕ್ಕೂ ಮುಕ್ತವಾಗಿ ಬಿಟ್ಟುಕೊಟ್ಟರು.

ಇದಕ್ಕೆ ಕ್ರಯವಿಲ್ಲ. ಬರೆಯುವವರಾರು, ತಿದ್ದುವವರಾರು ಎಂಬುದನ್ನು ಸಂಘವೇ ಗೊತ್ತುಮಾಡಬಹುದು. ಬರಹಗಳೂ ಸಂಘದ ಸ್ವಾಧೀನದಲ್ಲಿಯೇ ಇರುವುವು. ಪರರ ತಾಣವನ್ನು ನಂಬಿದವರಿಗೆ ಈ ಭರವಸೆಯಿಲ್ಲ. ಅಸಂಖ್ಯ ಸಂಘಗಳ ಮಾತುಕತೆಗಳಿಗೆ ಆಶ್ರಯವಾಗಿದ್ದ ಯಾಹೂ ಗ್ರೂಪ್ಸ್ ೨೦೨೦ರ ಡಿಸೆಂಬರಿನಲ್ಲಿ ಮುಚ್ಚಿಹೋಯಿತು.

ಆದರೆ ಸ್ವಾಧೀನದೊಡನೆ ಹೊಣೆಯೂ ಬರುವುದು. ೨೦೧೪ರ ಅಕ್ಟೋಬರಿನಲ್ಲಿ ಡ್ರೂಪಲಿನ ೭ನೆಯ ಆವೃತ್ತಿಯಲ್ಲಿ ದೊಡ್ಡದೊಂದು ದೋಷ ಪ್ರಕಟವಾದಾಗ, ೭ ಗಂಟೆಗಳೊಳಗೆ ತಿದ್ದುಪಡಿ ಹಾಕದ ತಾಣಗಳು ಕಳ್ಳರ ಕೈಸೇರಿದುವೆಂದೇ ಎಣಿಸತಕ್ಕುದೆಂದು ಅದರ ಭದ್ರತಾ ಮಂಡಲಿಯು ಎಚ್ಚರಿಸಿತು. ಆದುದರಿಂದ ಪಟೇಲರೂ ಜಮೀನುದಾರರೂ ಸಂಘಕ್ಕೆ ಇಂತಹ ತಾಣವನ್ನು ಏರ್ಪಡಿಸುವುದಾದರೆ, ಕೆರೆಗೆ ನೀರುಗಂಟಿಯಿರುವಂತೆ ಅದಕ್ಕೂ ಬಲ್ಲವನೊಬ್ಬನನ್ನು ಮೊದಲೇ ನೇಮಿಸತಕ್ಕುದು.