ಹಳೆಯ ಕಾರಿನ ಎಣ್ಣೆ ಸೋರುವುದೇಕೆ?

ಹಳೆಯ ಅಂಬಾಸಿಡರ್ ಕಾರು ರಾತ್ರಿಯೆಲ್ಲ ನಿಂತ ಅಂಗಳದಲ್ಲಿ ಬೆಳಗ್ಗೆ ಅಂಗೈಯಗಲದ ಕರಿಯ ಕಲೆ ಕಾಣುವುದುಂಟು. ಅದನ್ನು ಕಂಡ ಯಜಮಾನರು ಸೀಲು ಹೋಯಿತೆಂದೇ ತಿಳಿಯುತ್ತಾರೆ. ಶಿಗ್ಗಾವಿ ತಾಲೂಕಿನ ದುಂಡಸಿಯಂತಹ ಊರಿನವರು ಒಂದು ಸೀಲಿಗಾಗಿ ಹುಬ್ಬಳ್ಳಿಗೆ ಹೋಗಬೇಕು. ಅಲ್ಲಿಯೂ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಅಲೆಯಬೇಕು. ಹೊರಡುವ ಮೊದಲು ತಿಳಿಯಬೇಕಾದ ಸಂಗತಿಯೊಂದುಂಟು. ಯಂತ್ರದ ಹಿಂಬದಿಯಲ್ಲಿ ಅವರು ಹುಡುಕುವ ಆ ಸೀಲು ಮೊದಲಿನಿಂದಲೂ ಇರಲೇ ಇಲ್ಲ!

ಅಂಬಾಸಿಡರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿದ್ದು. ಹಿಂದುಸ್ತಾನ್ ಮೋಟರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಅದನ್ನು ತಯಾರಿಸಿತು. ಬಹುಕಾಲ ಅದಕ್ಕೆ ಅಳವಡಿಸುತ್ತಿದ್ದ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಯಂತ್ರವೂ ಇಂಗ್ಲೆಂಡಿನ ವಿನ್ಯಾಸವೇ. ಅದರ ಕ್ರ್ಯಾಂಕ್ ಶಾಫ್ಟು ಹಿಂದೆ ಹೊರಬರುವೆಡೆಯಲ್ಲಿ ರಬ್ಬರಿನ ಬಳೆಯಿಲ್ಲ. ಶಾಫ್ಟಿನ ಮೈಮೇಲೆ ಸುರುಳಿಯಾಗಿ ಕೊರೆದ ಸಣ್ಣ ಕಾಲುವೆಯಿದೆ. ಕೈಯಿಂದ ತಿರುಗಿಸುವ ಶಾವಿಗೆ ಯಂತ್ರದೊಳಗಿನ ತಿರುಪು ಕಣಕವನ್ನು ಮುಂದಕ್ಕೆ ತಳ್ಳುವಂತೆ, ಈ ಸುರುಳಿಯು ತಿರುಗುತ್ತಿರುವಷ್ಟು ಕಾಲ ಎಣ್ಣೆಯನ್ನು ಒಳಕ್ಕೆ ನೂಕುತ್ತಿರುತ್ತದೆ. ತಿರುಗುವುದು ನಿಂತೊಡನೆ ನೂಕುವ ಬಲವೂ ನಿಲ್ಲುತ್ತದೆ. ಕಾಲುವೆಯಲ್ಲುಳಿದ ಎಣ್ಣೆ ಕೆಳಕ್ಕೆ ತೊಟ್ಟಿಕ್ಕುತ್ತದೆ. ಆದುದರಿಂದ ನಾಲ್ಕಾರು ಹನಿ ಈ ಯಂತ್ರದ ರೋಗವಲ್ಲ, ಹುಟ್ಟುಗುಣ.

ಹನಿಯು ಧಾರೆಯಾದರೆ ಮಾತು ಬೇರೆ. ಬೇರಿಂಗುಗಳು ಸವೆದಾಗ ಶಾಫ್ಟು ತುಸು ಕುಸಿದು ಸುರುಳಿಯ ಸುತ್ತಣ ಸಂದು ಒಂದೆಡೆ ಅಗಲವಾಗುತ್ತದೆ. ಪಿಸ್ಟನ್ನಿನ ಬಳೆಗಳು ಸವೆದರೆ ದಹನದ ಅನಿಲವು ಕೆಳಗಿನ ಎಣ್ಣೆಯ ಕೋಣೆಗೆ ನುಸುಳಿ, ಅಲ್ಲಿಯ ಒತ್ತಡವನ್ನು ಏರಿಸಿ, ಎಣ್ಣೆಯನ್ನು ಸಿಕ್ಕ ಸಂದಿನಿಂದ ಹೊರದೂಡುತ್ತದೆ. ಈ ಅನಿಲವು ಹೊರಹೋಗಲೆಂದು ಇಟ್ಟಿರುವ ಉಸಿರುನಳಿಗೆ ಜಿಡ್ಡಿನಿಂದ ಕಟ್ಟಿಕೊಂಡರೂ ಫಲ ಅದೇ. ಯಂತ್ರವನ್ನು ಇಳಿಸುವ ಮೊದಲು ಈ ನಳಿಗೆಯನ್ನು ಶುಚಿಮಾಡಿ ನೋಡುವುದು ಒಳ್ಳೆಯದು. ಅದಕ್ಕೆ ಖರ್ಚೇ ಇಲ್ಲ.

ಎಣ್ಣೆ ಬಿದ್ದ ಸ್ಥಳವೇ ಸೋರಿದ ಸ್ಥಳವೆಂದು ನಂಬಬಾರದು. ಮೇಲ್ಮುಚ್ಚಳದ ಬಿರಡೆಯ ಗ್ಯಾಸ್ಕೆಟ್ಟಿನಿಂದ ಹೊರಟ ಎಣ್ಣೆಯು, ಓಡುವ ಕಾರಿನ ಗಾಳಿಗೆ ಹಿಂದೆ ಸರಿದು, ಕ್ಲಚ್ಚಿನ ಕವಚದ ಕೆಳಗೆ ತೊಟ್ಟಿಕ್ಕುತ್ತದೆ. ಸೋರಿತೆಂದು ಮುಚ್ಚಳದ ಬೋಲ್ಟನ್ನು ಬಿಗಿದಷ್ಟೂ ತೆಳುತಗಡು ಬಾಗಿ ಸೋರಿಕೆ ಹೆಚ್ಚುವುದು ವಿಚಿತ್ರವಾದರೂ ನಿಜ. ಯಂತ್ರವನ್ನು ಒರೆಸಿ, ಒಣಗಿಸಿ, ಮುಖದ ಪೌಡರನ್ನು ತೆಳುವಾಗಿ ಉದುರಿಸಿ ಸ್ವಲ್ಪ ಹೊತ್ತು ಓಡಿಸಿದರೆ ಮೊದಲು ತೇವವಾದ ಜಾಗ ತಾನೇ ಕಾಣುತ್ತದೆ. ರಾತ್ರಿ ಕೆಳಗೆ ಹಾಸಿದ ಹಳೆಯ ವೃತ್ತಪತ್ರಿಕೆಯೂ ಸಾಕ್ಷಿ ಹೇಳುತ್ತದೆ. ಯಂತ್ರದ ಎಣ್ಣೆ ಕಪ್ಪು. ಗೇರಿನ ಎಣ್ಣೆ ಮಂದ, ಗಂಧಕದ ವಾಸನೆಯುಳ್ಳದ್ದು. ತೆಳ್ಳಗಿದ್ದು ನೀರಿನಲ್ಲಿ ಕರಗುವ, ಬಣ್ಣವನ್ನು ಸುಲಿಯುವ ದ್ರವವಾದರೆ ಅದು ಬ್ರೇಕಿನದು. ಚಕ್ರದ ಒಳಮೈಯಲ್ಲಿ ಅದರ ತೇವ ಕಂಡರೆ ಕಾರನ್ನು ಅಂಗಳದಿಂದ ಕದಲಿಸಲೇಬಾರದು.

ಇನ್ನು ಬಿಡಿಭಾಗಗಳ ಮಾತು. ಅಸಲಿ ವಸ್ತುವೇ ಬೇಕೆಂಬ ಹಟ ಲೋಹದ ಮಟ್ಟಿಗೆ ಸರಿ. ಪೆಟ್ಟಿಗೆಯ ಮೇಲಿನ ಮುದ್ರೆಯನ್ನು ಯಾರೂ ಅಚ್ಚುಹಾಕಿಸಬಹುದು. ಎರಕದ ಗುರುತನ್ನು ನೋಡಿ, ಹಳೆಯದರೊಡನೆ ಅಳೆದು ಕೊಳ್ಳಬೇಕು. ಈ ಯಂತ್ರದ ಬೋಲ್ಟುಗಳು ಅಂಗುಲದ ಲೆಕ್ಕದವು. ಮಿಲಿಮೀಟರಿನ ಬೋಲ್ಟನ್ನು ಬಲವಂತದಿಂದ ತಿರುಗಿಸಿದರೆ ಥ್ರೆಡ್ಡು ಕೆಟ್ಟು ಹೊಸ ಸೋರಿಕೆ ಹುಟ್ಟುತ್ತದೆ. ಗುಜರಿಯಲ್ಲಿ ಸಿಕ್ಕ ಸಾಚಾ ಮುಚ್ಚಳ ಹೊಸ ನಕಲಿಗಿಂತ ಮೇಲೆಂಬುದು ನಮ್ಮ ಅಭಿಪ್ರಾಯ.

ರಬ್ಬರಿನ ನ್ಯಾಯವೇ ಬೇರೆ. ಗಾಳಿಯ ಆಮ್ಲಜನಕ ಮತ್ತು ಓಜೋನುಗಳ ಸೋಂಕಿನಿಂದ ಅದು ಪೆಟ್ಟಿಗೆಯಲ್ಲಿದ್ದರೂ ಮುದಿಯಾಗಿ, ಗಡುಸಾಗಿ ಬಿರಿಯುತ್ತದೆ. ನಲವತ್ತು ವರ್ಷ ಮುಟ್ಟದೆ ಇಟ್ಟ ಬ್ರೇಕಿನ ರಬ್ಬರ್ ಬಟ್ಟಲು ಅಸಲಿಯೇ ಇರಬಹುದು. ಪ್ರಾಣವನ್ನು ಮಾತ್ರ ಅದಕ್ಕೊಪ್ಪಿಸಲಾಗದು. ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿರುವಂತಹ ಹಳೆಯ ಕಾರುಗಳು ನಿಂತಲ್ಲಿಯೇ ನೋಡುಗರನ್ನು ತಣಿಸುತ್ತವೆ. ರಸ್ತೆಗಿಳಿಯುವ ಕಾರಿಗಾದರೋ ಈಚೆಗೆ ತಯಾರಾದ ರಬ್ಬರೇ ಬೇಕು. ಅದನ್ನು ಜೋಡಿಸುವಾಗ ಸಿಲಿಂಡರನ್ನು ಪೆಟ್ರೋಲಿನಿಂದಾಗಲಿ ಯಂತ್ರದ ಎಣ್ಣೆಯಿಂದಾಗಲಿ ತೊಳೆಯುವವರುಂಟು. ಖನಿಜ ತೈಲದ ಅಂಶ ತಗುಲಿದರೆ ಬಟ್ಟಲು ಊದಿಕೊಂಡು ಬ್ರೇಕು ಕಚ್ಚಿಕೊಳ್ಳುತ್ತದೆ. ಬ್ರೇಕಿನ ದ್ರವದಿಂದಲೇ ತೊಳೆಯಬೇಕು.