147ನೇ ಕಲಮು

1933ರ ಏಪ್ರಿಲ್‌ನಲ್ಲಿ ಹಿಟ್ಲರನ ಸರ್ಕಾರ ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ, ವಕೀಲಿಕೆಯಿಂದ ಹೊರದಬ್ಬುವ ಕಾನೂನುಗಳನ್ನು ಒಂದರ ಹಿಂದೊಂದು ತಂದಿತು. ಹೊರದೇಶದ ಯಹೂದಿಗಳು ಪ್ರತಿಭಟನಾ ಸಭೆ ನಡೆಸಿದರು, ಜರ್ಮನ್ ಸರಕು ಕೊಳ್ಳಬೇಡಿ ಎಂದು ಕರೆಕೊಟ್ಟರು. ಪ್ಯಾರಿಸ್‌ನಲ್ಲಿ ಲಿಯೊ ಮೋಟ್ಸ್‌ಕಿನ್ ನೇತೃತ್ವದ ಯಹೂದಿ ಪ್ರತಿನಿಧಿಗಳ ಸಮಿತಿ ಮಾತ್ರ ಕಾನೂನಿನ ದಾರಿ ಹುಡುಕುತ್ತಿತ್ತು. ಮೊದಲ ಮಹಾಯುದ್ಧದ ನಂತರ ಪೋಲೆಂಡ್, ರುಮೇನಿಯಾ ಮುಂತಾದ ದೇಶಗಳು ಅಲ್ಪಸಂಖ್ಯಾತರನ್ನು ಕಾಪಾಡುವುದಾಗಿ ಬರೆದುಕೊಟ್ಟಿದ್ದವು. ಜರ್ಮನಿಗೆ ಅಂಥ ಕಟ್ಟುಪಾಡು ಇರಲಿಲ್ಲ.

ಒಂದು ಸೀಮೆಯನ್ನು ಬಿಟ್ಟು. ಅಪ್ಪರ್ ಸೈಲೀಷಿಯಾ ಇಬ್ಭಾಗವಾದಾಗ ಜರ್ಮನಿ ಮತ್ತು ಪೋಲೆಂಡ್ 1922ರ ಮೇ 15ರಂದು ಜಿನೀವಾದಲ್ಲಿ 15 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದ್ದವು. ಅದರಲ್ಲಿದ್ದದ್ದು 606 ಕಲಮು. ಗಡಿಯಾಚೆ ಸಿಕ್ಕಿಬಿದ್ದ ಜರ್ಮನ್ನರನ್ನೂ ಈಚೆ ಉಳಿದ ಪೋಲಿಶರನ್ನೂ ಕಾಯುವುದು ಅದರ ಉದ್ದೇಶ. ಆದರೆ ಸಮಾನತೆಯ ಮಾತು ಆ ಸೀಮೆಯ ಎಲ್ಲರಿಗೂ ಅನ್ವಯಿಸುತ್ತಿತ್ತು. 147ನೇ ಕಲಮಿನ ಪ್ರಕಾರ, ಒಬ್ಬನೇ ವ್ಯಕ್ತಿ ಕೂಡ ನೇರವಾಗಿ ರಾಷ್ಟ್ರಸಂಘದ ಮಂಡಳಿಗೆ ದೂರು ಕೊಡಬಹುದಿತ್ತು.

ಕಲಮು ಸಿಕ್ಕಿತು, ದೂರುದಾರ ಸಿಗಬೇಕಲ್ಲ! ಅಲ್ಲೇ ಇದ್ದುಕೊಂಡು ಸಹಿ ಹಾಕಿದವರಿಗೆ ಉಳಿಗಾಲವಿರಲಿಲ್ಲ. ಕೊನೆಗೆ ಸಿಕ್ಕಿದವನು ಪ್ರಾಗ್‌ಗೆ ಓಡಿಬಂದಿದ್ದ ಫ್ರಾಂಟ್ಸ್ ಬರ್ನ್‌ಹೈಮ್. ಆ ಸೀಮೆಯ ಗ್ಲೈವಿಟ್ಸ್ ಪಟ್ಟಣದ ದೊಡ್ಡ ಅಂಗಡಿಯೊಂದರ ನೌಕರ. ಯಹೂದಿ ನೌಕರರನ್ನೆಲ್ಲ ತೆಗೆಯಬೇಕಾಗಿದೆ ಎಂಬ ಕಾರಣಕ್ಕೆ ಏಪ್ರಿಲ್ 30ಕ್ಕೆ ಅವನ ಕೆಲಸ ಹೋಗಿತ್ತು. ಚೆಕೊಸ್ಲೊವಾಕಿಯಾದ ವಕೀಲ ಎಮಿಲ್ ಮಾರ್ಗುಲಿಯೆಸ್ ಅವನ ಪರ ನಿಂತರು. ಮೇ ತಿಂಗಳಲ್ಲೇ ಅರ್ಜಿ ಜಿನೀವಾದಲ್ಲಿದ್ದ ಮಂಡಳಿಯನ್ನು ಮುಟ್ಟಿತು.

ಜರ್ಮನಿ ಇಕ್ಕಟ್ಟಿಗೆ ಸಿಕ್ಕಿತು. ಪೋಲೆಂಡ್‌ನ ಜರ್ಮನ್ನರ ಪರವಾಗಿ ಇದೇ ಮಂಡಳಿಯಲ್ಲಿ ಅದು ಮಾತಾಡುತ್ತ ಬಂದಿತ್ತು; ಒಪ್ಪಂದವನ್ನೇ ಅಲ್ಲಗಳೆದರೆ ತನ್ನವರಿಗೇ ಏಟು. ಹಾಗಾಗಿ ಅದರ ಪ್ರತಿನಿಧಿ ಫಾನ್ ಕೆಲ್ಲರ್, ಏನಾದರೂ ಆಗಿದ್ದರೆ ಅದು ಕೆಳಗಿನ ಅಧಿಕಾರಿಗಳ ತಪ್ಪು ಎಂದು ಜಾರಿಕೊಂಡರು. ಬರ್ನ್‌ಹೈಮ್‌ಗೆ ದೂರುವ ಹಕ್ಕೇ ಇಲ್ಲ ಎಂಬ ತಕರಾರನ್ನು ನ್ಯಾಯಶಾಸ್ತ್ರಜ್ಞರ ಸಮಿತಿ ತಳ್ಳಿಹಾಕಿತು. ಐರ್ಲೆಂಡ್‌ನ ಶಾನ್ ಲೆಸ್ಟರ್ ಮಂಡಿಸಿದ ವರದಿಯನ್ನು ಮಂಡಳಿ ಜೂನ್ 6ರಂದು ಅಂಗೀಕರಿಸಿತು.

ಇದರ ಫಲವಾಗಿ ಮುಂದೆ ಆ ಸೀಮೆಯಲ್ಲಿ ಯಹೂದಿ ವಿರೋಧಿ ಕಾನೂನುಗಳನ್ನು ತಡೆಹಿಡಿಯಲಾಯಿತು. 1935ರ ನ್ಯೂರೆಂಬರ್ಗ್ ಕಾನೂನುಗಳೂ ಅಲ್ಲಿಗೆ ಕಾಲಿಡಲಿಲ್ಲ. 1937ರ ಜುಲೈ 15ಕ್ಕೆ ಒಪ್ಪಂದದ ಅವಧಿ ಮುಗಿಯಿತು. ಆಮೇಲೆ ಎಲ್ಲ ಕಾನೂನೂ ಜಾರಿಗೆ ಬಂದವು. ಆದರೂ ಹಿಟ್ಲರನ ಕಣ್ಣೆದುರೇ ಜರ್ಮನಿಯ ಒಂದು ಭಾಗದಲ್ಲಿ ಅವನ ಕಾನೂನು ನಾಲ್ಕು ವರ್ಷ ನಡೆಯಲಿಲ್ಲ. ಜರ್ಮನಿ ತನ್ನವರಿಗಾಗಿ ಬರೆಸಿಕೊಂಡಿದ್ದ ಒಪ್ಪಂದವನ್ನು ಯಹೂದಿ ವಕೀಲರು ಅದಕ್ಕಿಂತ ಚೆನ್ನಾಗಿ ಓದಿಕೊಂಡಿದ್ದರು.